ಕೇಳಿ ಒಳಗೆ ಹೋದೆವು

ಮೇ ಹನ್ನೊಂದು, ಭಾನುವಾರ, ಬೆಳಗ್ಗೆ ಒಂಬತ್ತು ಇಪ್ಪತ್ತು. ಸುಂಕದಕಟ್ಟೆಯ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಪರೀಕ್ಷೆಗೆ ಓದುತ್ತಿದ್ದೆ. ಹಾಲು ತರಲು ಹೋಗಿದ್ದ ತಾತ ಬರಿಗೈಯಲ್ಲಿ ವಾಪಸು ಬಂದರು.

"ಮೇಷ್ಟ್ರ ಸೈಟಲ್ಲಿ ಸುಣ್ಣದ ಗೆರೆ ಹಾಕವ್ರೆ ಕಣವ್ವ," ಎಂದರು. "ಒಂದು ಗೆರೆ ನಿಮ್ಮಜ್ಜಿ ಮೇಲೇ ಹೋಗೈತೆ."

ನಾನು ಹುಟ್ಟುವ ಮೊದಲೇ ಅಜ್ಜಿ ತೀರಿಕೊಂಡಿದ್ದರು. ಆಗ ಅದು ನಮ್ಮದೇ ರಾಗಿ ಹೊಲ. ನಮ್ಮ ಕಡೆ ಮನೆಯವರನ್ನು ಸ್ವಂತ ಹೊಲದ ಮೂಲೆಯಲ್ಲೇ ಮಣ್ಣು ಮಾಡುತ್ತಿದ್ದರು. ಮೂರು ವರ್ಷದ ನಂತರ ಅತ್ತೆಯ ಮದುವೆಗೆಂದು ತಾತ ಹೊಲವನ್ನು ಸೈಟು ಮಾಡಿ ಮಾರಿದರು. ಸಮಾಧಿ ಇದ್ದ ಸೈಟನ್ನೂ ಅದರ ಪಕ್ಕದ್ದನ್ನೂ ಒಬ್ಬ ಶಾಲಾ ಮೇಷ್ಟ್ರು ಕೊಂಡರು. ಪಕ್ಕದ್ದರಲ್ಲಿ ಮನೆ ಕಟ್ಟಿಕೊಂಡು, ಸಮಾಧಿಯ ಸೈಟನ್ನು ಕೈತೋಟಕ್ಕೆ ಬಿಟ್ಟರು. ವರ್ಷಕ್ಕೊಮ್ಮೆ ಬಂದು ಹೂವಿಟ್ಟು ಹೋಗುತ್ತೇವೆ ಎಂದು ತಾತ ಹೇಳಿದರಂತೆ, ಮೇಷ್ಟ್ರು ಆಗಲಿ ಎಂದರಂತೆ. ಕ್ರಯಪತ್ರದಲ್ಲಿ ಮಾತ್ರ ಆ ಮಾತಿಲ್ಲ. ನಾನು ನಾಲ್ಕು ಸಲ ಓದಿದ್ದೇನೆ.

ಹಾಗಾಗಿ ಪ್ರತಿ ಮಹಾಲಯ ಅಮಾವಾಸ್ಯೆಯ ಬೆಳಗ್ಗೆ, ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ಮೊದಲು, ನಾವು ಅಲ್ಲಿಗೆ ಹೋಗುತ್ತಿದ್ದೆವು. ನಮ್ಮ ಬಾಗಿಲಿನಿಂದ ಅವರ ಗೇಟಿಗೆ ನನ್ನ ಲೆಕ್ಕದಲ್ಲಿ ನಾನೂರ ಹನ್ನೆರಡು ಹೆಜ್ಜೆ. ಸಮಾಧಿ ಎಂದರೆ ಸುಣ್ಣ ಬಳಿದ ಗಾರೆಯ ಕಟ್ಟೆ. ಆರಡಿ ಉದ್ದ, ಎರಡೂವರೆ ಅಡಿ ಅಗಲ. ಅದರ ತಲೆಯ ಕಡೆ ಮೇಷ್ಟ್ರ ಹೆಂಡತಿ ನಂದಿಬಟ್ಟಲು ನೆಟ್ಟಿದ್ದರು.

ಹತ್ತನೇ ವಯಸ್ಸಿನಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಹದಿಮೂರು ಮಹಾಲಯಗಳಿವೆ. ಹೊರಟ ಹೊತ್ತು, ಹೋದವರು, ಒಯ್ದ ಹೂವು, ಗೇಟು ತೆಗೆದವರು, ಎಲ್ಲವೂ ಇದೆ. ಹನ್ನೆರಡು ಸಲ ಮೇಷ್ಟ್ರು ತೆಗೆದರು. ಕಳೆದ ವರ್ಷದ ಹೊತ್ತಿಗೆ ಅವರು ತೀರಿಕೊಂಡಿದ್ದರು, ಅವರ ಹೆಂಡತಿ ತೆಗೆದರು. ಒಂದು ವರ್ಷ ಅವರಿಬ್ಬರೂ ಆಸ್ಪತ್ರೆಗೆ ಹೋಗಿದ್ದರು. ಗೇಟಿಗೆ ಬೀಗವಿರಲಿಲ್ಲ, ಬರೀ ಚಿಲಕ. ಆದರೂ ಅವರು ಬರುವವರೆಗೂ ತಾತ ನಲವತ್ತು ನಿಮಿಷ ರಸ್ತೆಯಲ್ಲೇ ಹೂವಿನ ಪೊಟ್ಟಣ ಹಿಡಿದು ನಿಂತರು. "ಚಿಲಕ ತಾನೇ ತಾತ, ತೆಗಿಯೋಣ," ಎಂದೆ. "ಮನೆಯೋರು ಇಲ್ಲದಾಗ ಹೋದ್ರೆ ಅದೇನು ಚೆಂದ?" ಎಂದರು.

ಹನ್ನೊಂದನೇ ವಯಸ್ಸಿನಲ್ಲಿ ಬರೆದ ಒಂದು ಪುಟ ನನಗೆ ಇಷ್ಟ.

"ಮೇಷ್ಟ್ರೇ, ಬರಬೌದಾ?" ಎಂದು ತಾತ ಗೇಟಿನ ಹೊರಗಿನಿಂದ ಕೂಗಿದರು.

"ಏನ್ ಗೌಡ್ರೇ, ನಿಮ್ಮ ಮನೆಯವರನ್ನ ನೋಡೋಕೆ ನನ್ನ ಪರ್ಮಿಷನ್ ಯಾಕ್ರೀ? ವರ್ಷಾ ವರ್ಷಾ ಕೇಳ್ತೀರಲ್ಲ!"

"ನೆಲ ನಿಮ್ದು ಮೇಷ್ಟ್ರೇ. ಮಲಗಿರೋಳು ನಮ್ಮೋಳು."

"ಹಾಗಾದ್ರೆ ಬಾಡಿಗೆ ಕೊಡಿ!" ಎಂದು ಮೇಷ್ಟ್ರು ನಕ್ಕರು. ತಾತನೂ ನಕ್ಕರು. ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ ನಾನು ಪ್ರತಿ ವರ್ಷದಂತೆ ಬರೆದಿದ್ದೆ: ಕೇಳಿ ಒಳಗೆ ಹೋದೆವು.

ಮೇಷ್ಟ್ರು ಹೋದ ಮೇಲೆ ಅವರ ಮಗ ತಾಯಿಯನ್ನು ತನ್ನ ಊರಿಗೆ ಕರೆದುಕೊಂಡು ಹೋಗಿ ಎರಡೂ ಸೈಟುಗಳನ್ನು ಮಾರಿದರು. ಕೈತೋಟದ ಸೈಟನ್ನು ಕೊಂಡವನು ಚಿಕ್ಕ ವಯಸ್ಸಿನವನು. ಮೇ ಹನ್ನೊಂದರ ಸಂಜೆಯೇ ನಾನೂ ತಾತನೂ ಸೈಟಿಗೆ ಹೋಗಿ ಅವನನ್ನು ಕಂಡೆವು. ಕೆಟ್ಟವನಲ್ಲ. ತಾತನಿಗೆ ತಾನೇ ಕುರ್ಚಿ ತಂದು ಹಾಕಿದ.

"ತಪ್ಪು ತಿಳ್ಕೋಬೇಡಿ ತಾತ. ಅದು ಹಳೇ ಕಟ್ಟೆ, ಕೂತ್ಕೊಳ್ಳೋಕೆ ಮಾಡಿಸಿರೋದು ಅಂತಾನೇ ನಮಗೆ ಹೇಳಿದ್ದು. ಗೊತ್ತಿದ್ರೆ ಈ ಸೈಟ್ ತಗೋತಾನೇ ಇರಲಿಲ್ಲ. ನನ್ನ ಹೆಂಡ್ತಿಗೆ ಈಗ ಏಳು ತಿಂಗಳು. ಸಮಾಧಿ ಅಂತ ಕೇಳಿದಾಗಿಂದ ಅವಳು ಈ ಕಡೆ ಕಾಲೇ ಇಟ್ಟಿಲ್ಲ."

"ಮನೆ ಕಟ್ಕೊಳಪ್ಪ, ಬ್ಯಾಡ ಅನ್ನಲ್ಲ. ಆ ಮೂಲೆ ಒಂದು ಬಿಡು."

"ಅದು ಈಶಾನ್ಯ ಮೂಲೆ ತಾತ. ಸಂಪು ಅಲ್ಲೇ ಬರಬೇಕು ಅಂತ ವಾಸ್ತುನವರು ಹೇಳಿದಾರೆ. ನಿಮ್ಮ ಶಾಸ್ತ್ರ ಏನಿದೆಯೋ ಮಾಡಿ ಬೇರೆ ಕಡೆಗೆ ತಗೊಂಡು ಹೋಗಿ. ಖರ್ಚು ನನ್ನದು."

"ಮಲಗಿದೋರ್ನ ಎಬ್ಬಿಸ್ಬಾರ್ದಪ್ಪ," ಎಂದು ತಾತ ಎದ್ದರು.

ಕಾನೂನು ಕಾಲೇಜು ಸೇರಿ ಆಗ ಹತ್ತು ತಿಂಗಳಾಗಿತ್ತು. ಒಡೆತನ ಬೇರೆ, ಸ್ವಾಧೀನ ಬೇರೆ ಎಂದು ಓದಿದ್ದೆ. ರೂಢಿಯೂ ಕೆಲವು ಸಲ ಕಾನೂನಾಗುತ್ತದೆ ಎಂದು ಓದಿದ್ದೆ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಬಳಸುತ್ತಾ ಬಂದರೆ ಬೇರೆಯವರ ನೆಲದ ಮೇಲೂ ಒಂದು ಹಕ್ಕು ಬೆಳೆಯಬಹುದು ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ. ತಾತ ಹೋಗಿಬರುತ್ತಿರುವುದು ಇಪ್ಪತ್ನಾಲ್ಕು ವರ್ಷದಿಂದ. ಅದರಲ್ಲಿ ಹದಿಮೂರು ವರ್ಷ ನನ್ನ ಕೈಬರಹದಲ್ಲಿದೆ. ಇಂಥ ಸಾಕ್ಷಿ ಯಾರ ಬಳಿ ಇರುತ್ತದೆ ಎಂದುಕೊಂಡು, ಹಿಗ್ಗಿನಿಂದಲೇ ದಿನಚರಿಗಳನ್ನು ಚೀಲಕ್ಕೆ ತುಂಬಿ, ತಾತನನ್ನೂ ಚಿಕ್ಕಪ್ಪನನ್ನೂ ರಾಜಾಜಿನಗರದ ವಕೀಲರೊಬ್ಬರ ಕಚೇರಿಗೆ ಕರೆದುಕೊಂಡು ಹೋದೆ.

ವಕೀಲರು ಐವತ್ತರ ಹೆಂಗಸು. ಹದಿಮೂರು ಪುಟಗಳನ್ನೂ ಓದಿ ಕನ್ನಡಕ ತೆಗೆದರು.

"ಎಷ್ಟು ಚೆನ್ನಾಗಿ ಬರೆದಿದೀಯಮ್ಮ," ಎಂದರು. "ಆದ್ರೆ ಪ್ರತಿ ಸಲ ಕೇಳಿ ಹೋಗಿದೀರಲ್ಲ?"

"ಹೌದು ಮೇಡಂ."

"ಅದೇ ತೊಂದರೆ. ಕೇಳಿ ಹೋದರೆ ಅದು ಅವರು ಕೊಟ್ಟ ಅನುಮತಿ. ಎಷ್ಟು ವರ್ಷ ಕೊಟ್ಟರೂ ಅನುಮತಿ ಅನುಮತಿನೇ. ನನಗೆ ಹಕ್ಕಿದೆ ಅಂತ ಯಾರನ್ನೂ ಕೇಳದೆ ಹೋಗ್ತಾ ಇದ್ದಿದ್ರೆ ವಾದ ಮಾಡಬಹುದಿತ್ತು. 'ಪರ್ಮಿಷನ್ ಯಾಕ್ರೀ' ಅಂದಿದಾರೆ ನೋಡು, ಅದೊಂದು ಸಾಲು ನಮ್ಮ ಕಡೆ ಇದೆ. ಉಳಿದಿದ್ದೆಲ್ಲ ಆ ಕಡೆ."

ತಾತನಿಗೆ ಅರ್ಥವಾಗಲಿಲ್ಲ. "ಅಂದ್ರೆ ನುಗ್ಗಿದೋನಿಗೆ ಹಕ್ಕು, ಕೇಳಿದೋನಿಗೆ ಇಲ್ವಾ?"

ವಕೀಲರು ದಿನಚರಿಯನ್ನು ಮುಚ್ಚಿ ನನ್ನ ಕಡೆ ಸರಿಸಿದರು. "ಹಾಗೆ ಹೇಳಿದ್ರೆ ಕೇಳೋಕೆ ಚೆನ್ನಾಗಿರಲ್ಲ ಯಜಮಾನ್ರೇ. ಆದ್ರೆ ಹೆಚ್ಚು ಕಡಿಮೆ ಹಾಗೇನೇ."

ಮೆಟ್ಟಿಲಿಳಿಯುವಾಗ ಚಿಕ್ಕಪ್ಪ ನನ್ನ ಚೀಲ ತಟ್ಟಿದರು. "ಬೇರೆ ವಕೀಲರ ಹತ್ರ ಹೋಗೋಣ. ಈ ಪುಸ್ತಕನೇ ಇಲ್ಲ ಅಂದ್ಕೋ. ಜಡ್ಜು ಬಂದು ನಿನ್ನ ಬೀರು ಹುಡುಕ್ತಾರಾ? ಅಪ್ಪ, ನೀನು ಕಟಕಟೇಲಿ ನಿಂತು ಒಂದೇ ಮಾತು ಹೇಳು. ನಾನು ಯಾರನ್ನೂ ಕೇಳಿಲ್ಲ, ನನ್ನ ಹೆಂಡ್ತಿ ಹತ್ರ ನಾನು ಹೋಗ್ತಿದ್ದೆ ಅಂತ. ಮೇಷ್ಟ್ರೇನು ಎದ್ದು ಬಂದು ಇಲ್ಲ ಅಂತಾರಾ?"

ತಾತ ಕಂಬಿ ಹಿಡಿದು ಅಲ್ಲೇ ನಿಂತರು. "ಇಪ್ಪತ್ಮೂರು ವರ್ಷ ಆ ಮನುಷ್ಯ ಎದ್ದು ಬಂದು ಗೇಟು ತೆಗ್ದವ್ನೆ ಕಣ್ಲಾ. ಕೇಳೇ ಇಲ್ಲ ಅಂದ್ರೆ ಅವನು ತೆಗ್ದೇ ಇಲ್ಲ ಅಂದಂಗಾಯ್ತದೆ. ಆ ಸುಳ್ಳು ಹೇಳಿ ನಿಮ್ಮವ್ವನ ಮುಂದೆ ಹೆಂಗೆ ಹೋಗಿ ನಿಂತ್ಕೊಳ್ಳಾನ?"

ದಾವೆ ಹಾಕಲಿಲ್ಲ.

ನಾನು ಬರೆಯದೆ ಇದ್ದಿದ್ದರೆ ತಾತ ಬೇರೆ ರೀತಿ ಹೇಳುತ್ತಿದ್ದರೇ? ಇಲ್ಲ. ಇದನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ, ಲೆಕ್ಕ ಇಟ್ಟಿಲ್ಲ. ಪರೀಕ್ಷೆಯಲ್ಲಿ ಹಕ್ಕಿಗೂ ಅನುಮತಿಗೂ ಇರುವ ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆ ಬಂತು. ಒಂದೂವರೆ ಪುಟ ಬರೆದೆ. ಒಳ್ಳೆಯ ಅಂಕ ಬಂತು. ಮನೆಯಲ್ಲಿ ಹೇಳಲಿಲ್ಲ.

ಜುಲೈ ಹತ್ತೊಂಬತ್ತು, ಶನಿವಾರ. ಅಗೆಯುವ ದಿನವನ್ನು ಸೈಟು ಕೊಂಡ ಹುಡುಗ ಮೊದಲೇ ಫೋನು ಮಾಡಿ ತಿಳಿಸಿದ್ದ. ಸಂಬಂಧವಿಲ್ಲದವನಂತೆ ಸುಮ್ಮನೆ ಅಗೆಸಬಹುದಿತ್ತು, ಹಾಗೆ ಮಾಡಲಿಲ್ಲ. ತಾತ ಹಾಲು, ತುಪ್ಪ, ಹೊಸ ಬಿಳಿ ಪಂಚೆ ತೆಗೆದುಕೊಂಡು ಹೊರಟರು. ಏನಾದರೂ ಸಿಕ್ಕರೆ ಪಂಚೆಯಲ್ಲಿ ಕಟ್ಟಿ ಊರಿನ ಸ್ಮಶಾನಕ್ಕೆ ಒಯ್ಯುವುದು ಎಂದಾಗಿತ್ತು. ನಾನೂರ ಹನ್ನೆರಡು ಹೆಜ್ಜೆಯ ದಾರಿ ಅವತ್ತು ತಾತನಿಗೆ ಆರುನೂರ ಮೂವತ್ತಾಯಿತು.

ಗೇಟು ಕಿತ್ತುಹಾಕಿದ್ದರು. ಗೇಟಿದ್ದ ಜಾಗದಲ್ಲಿ ನಿಂತು ತಾತ ಮೇಸ್ತ್ರಿಯನ್ನು ಕೇಳಿದರು, "ಬರಬೌದೇನಪ್ಪ?"

ಮೇಸ್ತ್ರಿ ಗಾಬರಿಯಾಗಿ, "ಅಯ್ಯೋ ಬನ್ನಿ ಯಜಮಾನ್ರೇ," ಎಂದ.

ಹತ್ತು ಹತ್ತಕ್ಕೆ ಕಟ್ಟೆ ಒಡೆದರು. ಎರಡು ಗಂಟೆ ಅಗೆದರು. ನಡುನಡುವೆ ಕೆಲಸದವರು ತಾವಾಗಿ ನಿಲ್ಲಿಸಿ ಮಣ್ಣನ್ನು ಕೈಯಲ್ಲಿ ಪುಡಿಮಾಡಿ ನೋಡುತ್ತಿದ್ದರು. ಕೊನೆಗೆ ಮೇಸ್ತ್ರಿ ಬಂದು, "ಏನೂ ಸಿಗಲಿಲ್ಲ ಯಜಮಾನ್ರೇ. ಬರೀ ಮಣ್ಣು," ಎಂದ.

"ಬರೀ ಮಣ್ಣಲ್ಲ ಕಣಪ್ಪ. ಮಣ್ಣೇ ಆಗವ್ಳೆ," ಎಂದರು ತಾತ. ಪಂಚೆಯ ಮಡಿಕೆ ಬಿಚ್ಚಲಿಲ್ಲ.

ಅಷ್ಟರಲ್ಲಿ ಮೂರು ಟ್ರ್ಯಾಕ್ಟರ್ ಮಣ್ಣು ಹೊರಟುಹೋಗಿತ್ತು. ಹತ್ತು ನಲವತ್ತೈದಕ್ಕೆ, ಹನ್ನೊಂದೂವರೆಗೆ, ಹನ್ನೆರಡು ಐದಕ್ಕೆ. ಹೊತ್ತುಗಳನ್ನು ನೆನಪಿಟ್ಟುಕೊಂಡಿದ್ದೆ. ಗಾಡಿಯ ನಂಬರು ಬರೆದುಕೊಳ್ಳಲಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತಾತನ ತೋಳು ಇತ್ತು. ನೆಲದ ಒಡೆಯನೇ ಅದರ ಮಣ್ಣಿಗೂ ಒಡೆಯ ಎಂದು ಗೊತ್ತಿತ್ತು. ಆದರೆ ಆ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ತಾತನಿಗೆ, ಮಹಾಲಯದ ಬೆಳಗ್ಗೆ. ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡು ಹೂವಿನ ಪೊಟ್ಟಣ ಹಿಡಿದು ಬಾಗಿಲಿಗೆ ಬಂದು ನಿಂತರು. "ಈಗ ಎಲ್ಲೋಗಿ ಕೇಳಾನವ್ವ?" ಎಂದರು. ಆ ಹೂವು ಮನೆಯ ಎಡೆಯ ಪಕ್ಕ ಪೊಟ್ಟಣದಲ್ಲೇ ಉಳಿಯಿತು. ದಿನಚರಿಯಲ್ಲಿ ಹದಿನಾಲ್ಕನೇ ಮಹಾಲಯದ ಪುಟ ಖಾಲಿ ಇದೆ.

ಆಮೇಲೆ ವಿಚಾರಿಸಿದೆ. ಮಣ್ಣು ಕೆಂಗೇರಿ ಕಡೆ ತಗ್ಗು ತುಂಬಿಸಲು ಹೋಗಿರಬೇಕು ಎಂದು ಮೇಸ್ತ್ರಿ ಹೇಳಿದ. ಅವತ್ತು ಗಾಡಿ ಓಡಿಸಿದವನು ಬದಲಿ ಆಳು, ಅವನ ಗುರುತು ಯಾರಿಗೂ ಇಲ್ಲ. ಐದು ಕಡೆ ಕೇಳಿ ಬಂದಿದ್ದೇನೆ. ತಾತನಿಗೆ ಎಂಬತ್ತೊಂದು.

ಆ ಶನಿವಾರ ಮಧ್ಯಾಹ್ನ ನಿಮ್ಮ ಸೈಟಿಗೋ ತೋಟಕ್ಕೋ ಸುಂಕದಕಟ್ಟೆಯಿಂದ ಮಣ್ಣು ಬಂದಿದ್ದರೆ, ಅಥವಾ ಬಂದದ್ದನ್ನು ಕಂಡವರು ನಿಮಗೆ ಗೊತ್ತಿದ್ದರೆ, ಈ ಪುಸ್ತಕದ ಪ್ರಕಾಶಕರ ಮೂಲಕ ನನಗೆ ಒಂದು ಸಾಲು ಬರೆಯಿರಿ. ಮಣ್ಣು ಕಪ್ಪಗಿತ್ತು, ಅದರಲ್ಲಿ ಸುಣ್ಣದ ಚೂರುಗಳೂ ನಂದಿಬಟ್ಟಲಿನ ಬೇರೂ ಇದ್ದಿರಬೇಕು. ಅದನ್ನು ವಾಪಸು ಕೇಳುವುದಿಲ್ಲ, ನೆಲ ನಿಮ್ಮದೇ. ವರ್ಷಕ್ಕೊಂದು ಬೆಳಗ್ಗೆ ಹೂವು ತರುತ್ತೇವೆ. ಗೇಟಿನ ಹೊರಗೆ ನಿಂತು, ನಿಮ್ಮನ್ನು ಕೇಳಿಯೇ ಒಳಗೆ ಬರುತ್ತೇವೆ.