ಅಪ್ಪಣೆ ಕೊಟ್ಟ ದನಿ

ಸತ್ತವರಿಗೆ ಆಸೆಗಳು ಉಳಿದಿರುತ್ತವೆ ಎಂದು ನಾನು ನಂಬಿದವಳಲ್ಲ. ಎಂಎಸ್ಸಿ ಓದಿ ಶಿವಮೊಗ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಯಾರಾದರೂ ದೆವ್ವ ಕಂಡೆ ಎಂದರೆ ಶುಗರ್ ಚೆಕ್ ಮಾಡಿಸಿ ಎನ್ನುವ ಪೈಕಿ ನಾನು. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಆದರೆ ಹಾಡಹಗಲಿನಲ್ಲಿ, ಹೊಟ್ಟೆ ತುಂಬ ಉಂಡು, ಪೂರ್ತಿ ಎಚ್ಚರದಲ್ಲಿದ್ದಾಗ ನನ್ನದೇ ಕಿವಿ ಕೇಳಿದ್ದನ್ನು ಇಲ್ಲ ಎನ್ನಲೂ ಆಗುತ್ತಿಲ್ಲ. ಅದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನಿಮಗೇನಾದರೂ ಹೊಳೆದರೆ ನನಗಿಂತ ನೀವು ವಾಸಿ.

ಇದು ನನ್ನ ದೊಡ್ಡಪ್ಪನ ಮಗ ಹಾಲೇಶಣ್ಣನ ವಿಷಯ. ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವನು. ಭದ್ರಾ ಹೊಳೆಯಲ್ಲಿ ಈಜು ಕಲಿತು, ಸಮುದ್ರವನ್ನು ಒಮ್ಮೆಯೂ ಕಾಣದೆ ಹಡಗಿನ ಪರೀಕ್ಷೆ ಬರೆದ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ನೀರಿನ ಮೇಲೆ ದುಡಿದವರು ಯಾರೂ ಇರಲಿಲ್ಲ. ಮೊದಲು ಸರಕಿನ ಹಡಗು, ಆಮೇಲೆ ದೊಡ್ಡ ಪ್ರಯಾಣಿಕರ ಹಡಗು. ಸಣ್ಣ ಅಧಿಕಾರಿಯಾಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಫಸ್ಟ್ ಆಫೀಸರ್ ಆದ. ರಜೆಗೆ ಬಂದಾಗ ಅವನು ಹೇಳುತ್ತಿದ್ದ ಕಥೆಗಳೇ ನಮಗೆ ಸಿನಿಮಾ. ಹಡಗಿನೊಳಗೆ ಥಿಯೇಟರು, ಈಜುಕೊಳ, ಒಡವೆ ಅಂಗಡಿ. ಮೇಲೆ ಜನ ಕುಣಿಯುತ್ತಿದ್ದರೆ ಇವನು ಹಡಗು ನಡೆಸುವ ಕತ್ತಲ ಕೋಣೆಯಲ್ಲಿ ನಿಂತು ದೂರದ ಒಂದು ದೀಪವನ್ನೇ ನೋಡುತ್ತಿರಬೇಕು. ಬಿಳಿ ಸಮವಸ್ತ್ರದ ಅಧಿಕಾರಿಯ ಜೊತೆ ಫೋಟೊ ಹಿಡಿಸಿಕೊಳ್ಳಲು ಮುದುಕಿಯರು ಸಾಲು ನಿಲ್ಲುತ್ತಿದ್ದರಂತೆ. 'ಊರಲ್ಲಿ ಒಬ್ರೂ ಕೇಳಲ್ಲ ನೋಡು ಮಾರಾಯ್ತಿ' ಎಂದು ನಗುತ್ತಿದ್ದ.

ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆ ವಳ್ಳಿಯಮ್ಮನದು. ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದ ತಮಿಳರು. ಅವರ ಒಬ್ಬನೇ ಮಗ ಮುರುಗ. ಹಾಲೇಶಣ್ಣನೇ ಅವನನ್ನು ತನ್ನ ಹಡಗಿಗೆ ಸೇರಿಸಿದ. ಅವನು ಡೆಕ್ಕಿನ ಕೆಲಸದ ಸೀಮನ್, ಇವನು ಆಫೀಸರ್. ಹಡಗಿನಲ್ಲಿ 'ಸಾರ್', ಊರಿಗೆ ಬಂದರೆ 'ಅಣ್ಣ'.

ಪ್ರಯಾಣಿಕರ ಹಡಗಿನಲ್ಲಿ ಲೈಫ್‌ಬೋಟುಗಳನ್ನು ಆಗಾಗ ನೀರಿಗೆ ಇಳಿಸಿ ಅಭ್ಯಾಸ ಮಾಡಲೇಬೇಕು. ಬೋಟಿನೊಳಗೆ ನಿಂತವನು ಕೊಂಡಿಗಳನ್ನು ನೋಡಿ, ಎಲ್ಲ ಸರಿಯಿದ್ದರೆ ಅಂಗೈಯಿಂದ ಬೋಟಿನ ಅಂಚಿಗೆ ಎರಡು ಸಲ ತಟ್ಟುತ್ತಾನೆ. ಅದು ಅವರ ಹಡಗಿನ ರೂಢಿ. ಗಾಳಿಯಲ್ಲಿ ಮಾತು ಕೇಳಿಸದಿದ್ದರೂ ತಟ್ಟಿದ್ದು ಕೇಳಿಸುತ್ತದೆ. ಆಗ ಮೇಲಿನಿಂದ 'ಲೋವರ್ ಅವೇ' ಎಂಬ ಅಪ್ಪಣೆ ಬರುತ್ತದೆ. ಇಳಿಸಿ ಎಂದರ್ಥ. ತಟ್ಟಿದ ಮರುಕ್ಷಣ ಅಪ್ಪಣೆ ಬಾಯಿಗೆ ತಾನಾಗಿಯೇ ಬರುವಷ್ಟು ಅದು ಅವರಿಗೆ ಅಭ್ಯಾಸ.

ಆ ದಿನ ಬೋಟಿನಲ್ಲಿದ್ದವನು ಮುರುಗ. ಅದರ ಉಕ್ಕಿನ ಹಗ್ಗ ತುಕ್ಕು ಹಿಡಿದಿದೆ, ಈ ಬೋಟು ಬೇಡ ಎಂದು ಹಾಲೇಶಣ್ಣ ಕ್ಯಾಪ್ಟನ್‌ಗೆ ಹೇಳಿದ್ದನಂತೆ. ಬಂದರಿನಲ್ಲಿ ಬೋಟು ಇಳಿಸುವುದನ್ನು ನೋಡಲು ತಪಾಸಣೆಯವರು ಕಾದಿದ್ದರು. ಕ್ಯಾಪ್ಟನ್ ತಾವೇ ಡೆಕ್ಕಿಗೆ ಬಂದರು. ಮುರುಗ ತಟ್ಟಿದ. ಅಪ್ಪಣೆ ಬಂತು. ಬೋಟು ಒಂದು ಕಡೆಯಿಂದ ಕಳಚಿ ಬಿತ್ತು. ಮುರುಗನ ದೇಹವನ್ನು ಭದ್ರಾವತಿಗೆ ತಂದಾಗ ಪೆಟ್ಟಿಗೆ ತೆರೆಯಬೇಡಿ ಎಂದಿದ್ದರು.

ವಿಚಾರಣೆಯಲ್ಲಿ ಕ್ಯಾಪ್ಟನ್, ಅಪ್ಪಣೆ ಕೊಟ್ಟದ್ದು ಫಸ್ಟ್ ಆಫೀಸರ್ ಎಂದರು. ಅಲ್ಲ, ಕೊಟ್ಟದ್ದು ಕ್ಯಾಪ್ಟನ್ನೇ ಎಂದು ಹಾಲೇಶಣ್ಣ ಹೇಳಿದ. ಹತ್ತಿರದಲ್ಲಿದ್ದ ಇನ್ನಿಬ್ಬರು ಗಾಳಿಯಲ್ಲಿ ಯಾರ ದನಿಯೋ ಗೊತ್ತಾಗಲಿಲ್ಲ ಎಂದರು. ಕೊನೆಗೆ ತಪ್ಪು ಹಾಲೇಶಣ್ಣನದೇ ಎಂದಾಯಿತು, ಅಲ್ಲಿಗೆ ಅವನ ಹಡಗಿನ ಬದುಕು ಮುಗಿಯಿತು. ಶಿವಮೊಗ್ಗಕ್ಕೆ ಬಂದು ಪಂಪ್‌ಸೆಟ್ಟಿನ ಅಂಗಡಿ ಇಟ್ಟ. ನಾಲ್ಕನೇ ಮಹಡಿಯಲ್ಲಿ ಫ್ಲಾಟ್ ಕೊಂಡ. ಮೇಲಿನಿಂದ ಕೆಳಗೆ ಹಗ್ಗದ ಮೇಲೆ ಇಳಿಯುವ ಯಾವುದಕ್ಕೂ ಕಾಲಿಡುವುದಿಲ್ಲ ಎಂದು ಲಿಫ್ಟು ಬಿಟ್ಟು ಮೆಟ್ಟಿಲಲ್ಲೇ ಓಡಾಡುತ್ತಿದ್ದ. ನಗುವುದು ನಿಂತಿತ್ತು. ಆ ಕ್ಯಾಪ್ಟನ್ ಯಾವ ಹಡಗಿನಲ್ಲಿದ್ದಾರೆ, ಯಾವಾಗ ನಿವೃತ್ತರಾದರು, ಅವರ ಹೆಂಡತಿ ತೀರಿಕೊಂಡದ್ದು, ಎಲ್ಲ ಅವನಿಗೆ ಗೊತ್ತಿತ್ತು. ಒಮ್ಮೆ ಅತ್ತಿಗೆ 'ಬಿಟ್ಬಿಡ್ರೀ, ದೇವರು ನೋಡ್ಕೋತಾನೆ' ಎಂದಾಗ, 'ದೇವರು ನೋಡೋದ್ರೊಳಗೆ ಅವನು ಹಾಯಾಗಿ ಸಾಯ್ತಾನೆ' ಎಂದ. ಅದನ್ನು ಅವನು ರೊಟ್ಟಿ ಮುರಿಯುತ್ತಾ ಹೇಳಿದ ರೀತಿಗೆ ನನಗೆ ಹೆದರಿಕೆಯಾಗಿತ್ತು.

ಮುರುಗನ ತಿಥಿಗೆ ಪ್ರತಿವರ್ಷ ಅವನು ಭದ್ರಾವತಿಗೆ ಹೋಗುತ್ತಿದ್ದ. ಒಂದು ವರ್ಷ ನನ್ನ ಕಾರಿನಲ್ಲಿ ಹೋದೆವು. ವಳ್ಳಿಯಮ್ಮ ಬಾಳೆಲೆಯಲ್ಲಿ ಅನ್ನ, ಮೀನಿನ ಸಾರು ಬಡಿಸಿ ಹಿತ್ತಲಿನ ಗೋಡೆಯ ಮೇಲೆ ಇಟ್ಟರು. ನಾವು ಲಿಂಗಾಯತರು, ನಮ್ಮಲ್ಲಿ ಕಾಗೆಗೆ ಎಡೆ ಇಡುವ ಪದ್ಧತಿಯಿಲ್ಲ. ಅವರಲ್ಲಿ, ಕಾಗೆ ಎಲೆ ಮುಟ್ಟದಿದ್ದರೆ ಸತ್ತವರ ಆಸೆ ತೀರಿಲ್ಲ ಎಂದು ಅರ್ಥವಂತೆ. ಆಗ ಮನೆಯವರು ಎಲೆಯ ಮುಂದೆ ನಿಂತು ಮಾತು ಕೊಡಬೇಕು. ಸರಿಯಾದ ಮಾತು ಬಿದ್ದರೆ ಕಾಗೆ ಇಳಿಯುತ್ತದೆ.

ಕಾಗೆಗಳು ಕಂಬದ ಮೇಲೆ ಕೂತಿದ್ದವು. ಒಂದೂ ಇಳಿಯಲಿಲ್ಲ. ವಳ್ಳಿಯಮ್ಮ ಅಳಲಿಲ್ಲ. 'ಪ್ರತಿವರ್ಷ ಹೀಗೇ ಕಣಪ್ಪಾ. ನನ್ನ ಮಗ ಹಸ್ಕೊಂಡೇ ಹೋಗ್ತಾನೆ' ಎಂದರು. ಆಗ ಹಾಲೇಶಣ್ಣ ಚಪ್ಪಲಿ ಬಿಟ್ಟು ಗೋಡೆಯ ಹತ್ತಿರ ಹೋಗಿ, 'ಮುರುಗಾ, ನಿನ್ನ ಇಳಿಸು ಅಂದೋನ ಬಾಯಲ್ಲೇ ಅದನ್ನ ಹೇಳಿಸ್ತೀನಿ. ಸಾಕ್ಷಿ ಮುಂದೆ ಹೇಳಿಸ್ತೀನಿ' ಎಂದ. ಒಂದು ಕಾಗೆ ಇಳಿದು ಬಂದು ಎಲೆಗೆ ಕೊಕ್ಕು ಹಾಕಿತು. ವಾಪಸು ಬರುವಾಗ ನಾನು, 'ಮೀನಿನ ವಾಸನೆಗೆ ಇನ್ನೆಷ್ಟು ಹೊತ್ತು ತಡೀತದೆ ಪಾಪ' ಎಂದೆ. ಅವನು ಕಿಟಕಿಯ ಕಡೆ ತಿರುಗಿ ಕೂತ.

ಆ ಮಳೆಗಾಲ ಮುಗಿಯುವುದರೊಳಗೆ ಕ್ಯಾಪ್ಟನ್ ತಾವಾಗಿಯೇ ಫೋನ್ ಮಾಡಿದರು. ಅವರು ಮೂಲತಃ ಮಂಗಳೂರು ಕಡೆಯವರು, ಮುಂಬೈನಲ್ಲಿ ಒಬ್ಬರೇ ಇದ್ದರು. ಊರಿಗೆ ಬಂದಿದ್ದೇನೆ, ಕೆಲವು ದಿನದಿಂದ ಯಾಕೋ ನಿನ್ನನ್ನು ನೋಡಬೇಕು ಅನ್ನಿಸುತ್ತಿದೆ ಎಂದರಂತೆ. ಹಾಲೇಶಣ್ಣ 'ಬನ್ನಿ ಸಾರ್, ಊಟಕ್ಕೇ ಬನ್ನಿ' ಎಂದು ಫೋನಿಟ್ಟು ನನಗೆ ಹೇಳಿದ: 'ಆವತ್ತು ನಿನ್ನ ಕಾರು ಬೇಕು. ನೀನೂ ಇರಬೇಕು.' ತ್ಯಾವರೆಕೊಪ್ಪದ ಹುಲಿ-ಸಿಂಹದ ಸಫಾರಿ ತೋರಿಸುತ್ತೇನೆ ಎಂದು ಕಾರು ಹತ್ತಿಸಿ, ಅಲ್ಲಿಗಲ್ಲ, ನೇರ ಭದ್ರಾವತಿಗೆ ಕರೆದೊಯ್ದು ವಳ್ಳಿಯಮ್ಮನ ಮುಂದೆ ನಿಲ್ಲಿಸುವುದು ಅವನ ಯೋಚನೆ. 'ಅಲ್ಲೂ ಬಾಯಿ ಬಿಡ್ಲಿಲ್ಲ ಅಂದ್ರೆ?' ಎಂದು ಕೇಳಿದೆ. 'ಆಮೇಲಿಂದು ನೀನು ನೋಡೋದು ಬೇಡ, ಮನೆಗೆ ಹೋಗು' ಎಂದ. ನಾನು ಒಪ್ಪಿದ್ದು ಅವನ ಕೈಯಿಂದ ಏನೂ ಆಗದಂತೆ ತಡೆಯಲು.

ಕ್ಯಾಪ್ಟನ್ ಎತ್ತರದ ಆಳು, ಹಸನ್ಮುಖಿ. ಅತ್ತಿಗೆಯ ಹೋಳಿಗೆಯನ್ನು ಬಾಯ್ತುಂಬ ಹೊಗಳಿದರು. ಊಟದ ನಡುವೆ ಹಾಲೇಶಣ್ಣ ತುಪ್ಪ ಬಡಿಸುತ್ತಾ, 'ಸಾರ್, ಆವತ್ತು ಅಪ್ಪಣೆ ಕೊಟ್ಟೋರು ಯಾರು?' ಎಂದು ಕೇಳಿದ.

ಅವರು ನಕ್ಕರು. 'ಎಂತ ಮಾರಾಯ, ಇನ್ನೂ ಅದನ್ನು ಹೊತ್ತುಕೊಂಡು ತಿರುಗುತ್ತಿ? ವಿಚಾರಣೆ ಆಗಿ ಹೋಯಿತಲ್ಲ. ನೀನೇ ಅಂತ ಆಯಿತಲ್ಲ.'

'ಆಯ್ತು ಅಂತ ಕೇಳ್ಲಿಲ್ಲ ಸಾರ್. ಯಾರು ಅಂತ ಕೇಳ್ದೆ.'

'ನನಗೆ ಎರಡು ವರ್ಷ ಇತ್ತು ಪೆನ್ಶನ್ನಿಗೆ. ನಿನಗೆ ಪ್ರಾಯ ಇತ್ತು. ಬೇರೆ ಎಂತಾದರೂ ಮಾಡಿ ತಿನ್ನಬಹುದಿತ್ತು. ಮಾಡಿದ್ದಿಯಲ್ಲ? ಒಳ್ಳೆ ಮನೆ, ಒಳ್ಳೆ ಹೋಳಿಗೆ' ಎಂದರು. ಹಾಲೇಶಣ್ಣನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಅಲುಗಲಿಲ್ಲ. 'ಇನ್ನೊಂದು ಹಾಕ್ಕೊಳ್ಳಿ ಸಾರ್' ಎಂದ.

ಹೊರಡುವಾಗ ಎಂದಿನಂತೆ ಅವನು, 'ನೀವು ಲಿಫ್ಟಲ್ಲಿ ಇಳೀರಿ, ನಾನು ಮೆಟ್ಟಿಲಲ್ಲಿ ಬರ್ತೀನಿ' ಎಂದು ಇಳಿಯತೊಡಗಿದ. ನಾನೂ ಕ್ಯಾಪ್ಟನ್ನೂ ಲಿಫ್ಟಿನೊಳಗೆ ಹೋದೆವು. ಬಾಗಿಲು ಮುಚ್ಚಿತು. ಗುಂಡಿ ಒತ್ತಿದೆ. ಲಿಫ್ಟು ಕದಲಲಿಲ್ಲ. ನಾನು ಬಾಗಿಲ ಮೇಲಿನ ಕೆಂಪು ಅಂಕಿಯನ್ನೇ ನೋಡುತ್ತಿದ್ದೆ. ಅವರು ನನ್ನ ಹಿಂದೆ ನಿಂತಿದ್ದರು.

ಆಗ ಕಾಲ ಕೆಳಗಿನಿಂದ ತಟ್ಟಿದ ಸದ್ದು ಬಂತು. ಎರಡು ಸಲ. ಯಂತ್ರದ ಸದ್ದಲ್ಲ, ತೆರೆದ ಅಂಗೈ ತಗಡಿಗೆ ಬಡಿದ ಸದ್ದು. ನನ್ನ ಪಾದಕ್ಕೇ ಅದು ತಾಗಿತು. ಕೂಡಲೇ ಹಿಂದಿನಿಂದ, ಗಟ್ಟಿಯಾಗಿ, ಅಧಿಕಾರದ ಸ್ವರದಲ್ಲಿ ಮಾತು ಬಂತು: 'ಲೋವರ್ ಅವೇ.'

ನೆಲ ಹೋಯಿತು. ಬೀಳುವುದು ಎಂದರೆ ಏನೆಂದು ನಾನು ಹೇಳಲಾರೆ. ಹೊಟ್ಟೆ ಮೇಲೆ ಉಳಿದು ನಾನು ಮಾತ್ರ ಕೆಳಗೆ ಹೋದಂತಿತ್ತು. ಎಲ್ಲೋ ಕಬ್ಬಿಣ ಕಬ್ಬಿಣವನ್ನು ಕಚ್ಚಿದ ಕಿರುಚಾಟ, ಒಂದು ದೊಡ್ಡ ಕುಲುಕು, ಕತ್ತಲೆ. ನನ್ನ ಮಣಿಕಟ್ಟು ಮುರಿದಿತ್ತು. ಕ್ಯಾಪ್ಟನ್ ಮೂಲೆಯಲ್ಲಿ ಮಡಚಿಕೊಂಡು ಬಿದ್ದಿದ್ದರು. ಕೆಳಗೆ ಬಾಗಿಲನ್ನು ಸಲಾಕೆ ಹಾಕಿ ತೆರೆದಾಗ ಮೊದಲು ಕಂಡದ್ದು ಹಾಲೇಶಣ್ಣನ ಮುಖ. ಅವನ ಕಣ್ಣು ನನ್ನನ್ನು ದಾಟಿ ಅವರ ಮೇಲೆ ಹೋಯಿತು. ಆಮೇಲೆ ನನ್ನನ್ನು ಎತ್ತಿಕೊಂಡು ಕಿವಿಯ ಹತ್ತಿರ ಕೇಳಿದ: 'ಹೇಳಿದ್ನಾ?'

ನಾನಿನ್ನೂ ಯಾರಿಗೂ ಏನನ್ನೂ ಹೇಳಿರಲಿಲ್ಲ.

ಲಿಫ್ಟಿನ ಮೆಕ್ಯಾನಿಕ್ ಬ್ರೇಕು ಜಾರಿದೆ ಎಂದ. ಹಗ್ಗಗಳು ಸರಿಯಿದ್ದವು. ಲಿಫ್ಟಿನ ನೆಲಕ್ಕೆ ಕೆಳಗಿನಿಂದ ತಟ್ಟಲು ಅಲ್ಲಿ ಯಾರೂ ಇರಲಿಲ್ಲ, ಇರಲು ಜಾಗವೂ ಇಲ್ಲ. ತಟ್ಟಿದ ಸದ್ದು ಬ್ರೇಕಿನದ್ದೇ ಇರಬಹುದು, ಒಪ್ಪುತ್ತೇನೆ. ಅದನ್ನು ಕೇಳಿ ಹಳೆಯ ಅಭ್ಯಾಸದಲ್ಲಿ ಕ್ಯಾಪ್ಟನ್ ಬಾಯಿಗೆ ಅಪ್ಪಣೆ ಬಂದಿರಬಹುದು, ಅದನ್ನೂ ಒಪ್ಪುತ್ತೇನೆ. ಆದರೆ ಕ್ಯಾಪ್ಟನ್ ತಾನು ತುಟಿ ಬಿಚ್ಚಲಿಲ್ಲ ಎನ್ನುತ್ತಾರೆ. ಸದ್ದು ಕೇಳಿ ಉಸಿರೇ ನಿಂತಿತ್ತು, ಆಗ ತನ್ನದೇ ದನಿ ತನ್ನ ಪಕ್ಕದಿಂದ ಬಂತು ಎನ್ನುತ್ತಾರೆ. ಹಿಂದೆ ಒಮ್ಮೆ ಸುಳ್ಳು ಹೇಳಿದವರು ಈಗಲೂ ಹೇಳುತ್ತಿರಬಹುದು. ನಾನು ಒಮ್ಮೆ ಹಿಂದೆ ತಿರುಗಿ ನೋಡಿದ್ದರೆ ಸಾಕಿತ್ತು. ರಾತ್ರಿ ಕನಸಿನಲ್ಲಿ ಎಷ್ಟೋ ಸಲ ಆ ಲಿಫ್ಟಿನಲ್ಲಿ ನಿಲ್ಲುತ್ತೇನೆ. ಕೆಂಪು ಅಂಕಿಯಿಂದ ಕಣ್ಣು ಕೀಳಲು ಆಗುವುದೇ ಇಲ್ಲ.

ಅವರ ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಿಂದ ಬಿಡುವಾಗ, ಕೆನಡಾದಲ್ಲಿರುವ ಅವರ ಮಗ ತಾನು ಬರುವ ಮಾತಿಗೆ ಫೋನಿನಲ್ಲಿ ತಡವರಿಸಿದ. 'ನಮ್ಮನೇಲೇ ಇರ್ಲಿ' ಎಂದ ಹಾಲೇಶಣ್ಣ. ಮಂಚದ ಸಮೇತ ಮೆಟ್ಟಿಲಲ್ಲಿ ಹೊತ್ತು ನಾಲ್ಕನೇ ಮಹಡಿಗೆ ಏರಿಸಿದರು. ಈಗ ವಾಪಸು ಹೋಗಬೇಕೆಂದರೆ ಅವರು ಇಳಿಯಬೇಕು. ಲಿಫ್ಟು ರಿಪೇರಿಯಾಗಿದೆ, ಅವರು ಹತ್ತುವುದಿಲ್ಲ. ನಾಲ್ಕು ಜನ ಹೊತ್ತು ಇಳಿಸುತ್ತೇವೆ ಎಂದು ನಾನೇ ಹೇಳಿದೆ. ಬೆವರಿಬಿಟ್ಟರು. 'ಬೇಡ. ನನ್ನನ್ನು ಯಾರೂ ಇಳಿಸುವುದು ಬೇಡ' ಎಂದರು. ಹಾಲೇಶಣ್ಣ ಅವರಿಗೆ ಹೊತ್ತು ಹೊತ್ತಿಗೆ ಊಟ ತಿನ್ನಿಸುತ್ತಾನೆ, ಮಗ್ಗುಲು ಬದಲಿಸುತ್ತಾನೆ, ಸಾರ್ ಎಂದೇ ಕರೆಯುತ್ತಾನೆ. ದಿನಕ್ಕೊಮ್ಮೆ, ಗಡ್ಡ ಹೆರೆಯುವಾಗ, 'ಯಾರು ಸಾರ್?' ಎಂದು ಮೆಲ್ಲಗೆ ಕೇಳುತ್ತಾನಂತೆ. ಅತ್ತಿಗೆ ಆ ಹೊತ್ತಿಗೆ ಅಡುಗೆಮನೆಗೆ ಹೋಗಿಬಿಡುತ್ತಾರೆ.

ಹೋದ ತಿಂಗಳು ವಳ್ಳಿಯಮ್ಮ ಬಂದರು. ಬಸ್ಸಿಳಿದು, ಕೂತು ಕೂತು ಅಷ್ಟೂ ಮೆಟ್ಟಿಲು ಹತ್ತಿದ್ದರು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕ್ಯಾಪ್ಟನ್ನರ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, 'ನೀನು ಲಿಫ್ಟೊಳಗಿದ್ಯಲ್ಲ ಮಗಳೇ. ಯಾರ ದನಿ?' ಎಂದು ಕೇಳಿದರು.

'ದನಿ ಇವರದೇ ಅಮ್ಮ. ಆದ್ರೆ ಬಾಯಿ ನೋಡ್ಲಿಲ್ಲ ನಾನು' ಎಂದೆ. ನನಗೆ ಗೊತ್ತಿರುವುದು ಅಷ್ಟೇ. ಇಂದಿಗೂ ಅದಕ್ಕಿಂತ ಒಂದಕ್ಷರ ಹೆಚ್ಚು ಗೊತ್ತಿಲ್ಲ.

'ಬಾಯಿ ಯಾಕೆ ಬೇಕು' ಎಂದರು ವಳ್ಳಿಯಮ್ಮ. ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡರು. ಆಕೆ ಎದ್ದು ಅವರ ಹಣೆಗೆ ಕೈಯಿಟ್ಟು, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ಹಿಡಿದು, ಹಾಲೇಶಣ್ಣನಿಗೆ ಹೇಳಿದರು: 'ಚೆನ್ನಾಗಿ ನೋಡ್ಕೋ ಕಣಪ್ಪಾ. ಬೇಗ ಸಾಯಕ್ಕೆ ಬಿಡ್ಬೇಡ.'

'ಬಿಡಲ್ಲಮ್ಮ' ಎಂದು ಅವನು ಹೊದಿಕೆಯನ್ನು ಅವರ ಎದೆಯವರೆಗೆ ಎಳೆದ.