ನಂಬರಣ್ಣನ ಎಣ್ಣೆ ಗಾಡಿ

ವಾಹನಗಳ ಬಿಡಿಭಾಗ ಮಾರುವ ಆ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ನೆನಪಿದ್ದದ್ದು ಸಂಬಳದ ಚೀಟಿಗೆ ಮಾತ್ರ. ಮಿಕ್ಕವರಿಗೆಲ್ಲ ಅವನು ನಂಬರಣ್ಣ. ಮೆಕ್ಯಾನಿಕ್ಕುಗಳು ಗ್ರೀಸು ಮೆತ್ತಿದ ತುಂಡೊಂದನ್ನು ತಂದು ಗಾಜಿನ ಮೇಲೆ ಕುಕ್ಕಿದರೆ ಸಾಕು, ಅದನ್ನು ಎರಡು ಸಲ ಹೊರಳಿಸಿ ನೋಡಿ, ಯಾವ ಕಂಪನಿಯ ಯಾವ ವರ್ಷದ ಗಾಡಿಯದು ಎಂದು ಹೇಳಿ, ಆ ಭಾಗದ ಹನ್ನೊಂದು ಅಂಕಿಯ ನಂಬರನ್ನು ಪಟಪಟನೆ ಒದರಿಬಿಡುತ್ತಿದ್ದ. ಅಂಗಡಿಗೆ ಕಂಪ್ಯೂಟರು ಬಂದಾಗ ಯಜಮಾನರು ಹೆಮ್ಮೆಯಿಂದ ಅದನ್ನು ಅವನ ಮುಂದಿಟ್ಟರು. ಒಂದು ವಾರದೊಳಗೆ ಕಂಪ್ಯೂಟರಿನ ತಪ್ಪುಗಳನ್ನು ಇವನೇ ತಿದ್ದತೊಡಗಿದ.

ಇಷ್ಟೆಲ್ಲ ಗೊತ್ತಿದ್ದ ಮನುಷ್ಯನಿಗೆ ಗಾಡಿ ಓಡಿಸುವ ಯೋಗ ಮಾತ್ರ ಇರಲಿಲ್ಲ. ಹಾಗಂತ ಅವನು ಎಂದೂ ಸ್ಟಿಯರಿಂಗ್ ಹಿಡಿದವನೇ ಅಲ್ಲ ಎನ್ನುವಂತಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೂರು ದಿನ ಹಿಡಿದಿದ್ದ. ಸೋದರಮಾವನ ಸಾಮಾನು ಸಾಗಿಸುವ ವ್ಯಾನು, ಪಕ್ಕದಲ್ಲಿ ಮಾವ, ಬೆಳಗಿನ ಖಾಲಿ ರಸ್ತೆ. ಮೂರನೆಯ ದಿನ ಎರಡನೇ ಗೇರಿನಿಂದ ಮೂರಕ್ಕೆ ಹಾಕಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ವ್ಯಾನಿನ ಮೂತಿ ಗೋದಾಮಿನ ಗೋಡೆಯೊಳಗಿತ್ತು. ಹುಡುಗನಿಗೆ ಫಿಟ್ಸ್ ಬಂದು ಕಾಲು ಆಕ್ಸಿಲರೇಟರಿನ ಮೇಲೇ ಸೆಟೆದುಕೊಂಡಿತ್ತು. ವ್ಯಾನಿನಿಂದ ಒಂದು ಮೊಳ ಆಚೆ ಹೆಂಗಸೊಬ್ಬಳು ಕೈಚೀಲವನ್ನು ಎದೆಗವುಚಿಕೊಂಡು ಕೂಗಲೂ ಆಗದೆ ನಿಂತಿದ್ದಳು. ಮಾವ ಬೈಯಲಿಲ್ಲ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇನ್ನು ಗಾಡಿಯ ಮಾತು ಮರೆತುಬಿಡು ಅಂದರು.

ಮರೆಯುವುದು ಅಷ್ಟು ಸುಲಭವಾಗಿದ್ದರೆ ಅವನು ಬಿಡಿಭಾಗಗಳ ಅಂಗಡಿಗೇ ಏಕೆ ಸೇರುತ್ತಿದ್ದ? ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಸಿಗಲಿ ಎಂದು ಎರಡು ಬಸ್ಸು ಬಿಟ್ಟು ಕಾಯುವವನು ಅವನು. ತಿರುವು ಬಂದರೆ ಡ್ರೈವರಿಗಿಂತ ಮೊದಲೇ ಇವನ ಬಲಗಾಲು ಬ್ರೇಕು ಒತ್ತುತ್ತಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಅದನ್ನು ಕಂಡೂ ಕಾಣದಂತೆ ಕಿಟಕಿಯ ಕಡೆ ತಿರುಗುತ್ತಿದ್ದಳು. ಮಾತ್ರೆಗಳ ಪುಣ್ಯದಿಂದ ಈಗೀಗ ಫಿಟ್ಸ್ ಬರುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ ಸಲ. ಬರುವ ಸೂಚನೆ ಅವನಿಗೆ ಗೊತ್ತಾಗುತ್ತಿರಲಿಲ್ಲ, ಅವಳಿಗೆ ಗೊತ್ತಾಗುತ್ತಿತ್ತು. ಕಣ್ಣು ಒಂದೇ ಕಡೆ ನಿಲ್ಲುವುದು, ಬಾಯಿ ತುಸು ತೆರೆಯುವುದು, ಕರೆದರೆ ಓಗೊಡದಿರುವುದು. ಅಷ್ಟರೊಳಗೆ ಅವಳು ಅವನ ತೋಳು ಹಿಡಿದು ಕೂರಿಸಿಬಿಡುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ರಸ್ತೆಗಿಳಿದರೆ ಸಾಕು, ವಾಹನಗಳ ಕಡೆಗೆ ಅವಳು, ಗೋಡೆಯ ಕಡೆಗೆ ಅವನು.

ಹೀಗಿರುವಾಗ ಒಂದು ಮಧ್ಯಾಹ್ನ ಗಿರಾಕಿಯೊಬ್ಬ ಬಂದು ಕಾಳುಮೆಣಸಿಗಿಂತ ತುಸು ದೊಡ್ಡದಾದ ಬೇರಿಂಗೊಂದನ್ನು ಗಾಜಿನ ಮೇಲಿಟ್ಟ. ನಂಬರಣ್ಣ ಮೊದಲ ಸಲ ಸೋತ.

"ಇದ್ಯಾವ ಗಾಡಿದು ಸ್ವಾಮಿ? ಇರುವೆ ಓಡ್ಸೋದಾ?"

ಗಿರಾಕಿ ನಕ್ಕು, ಚೀಲದಿಂದ ಮೊಳದುದ್ದದ ಕಾರೊಂದನ್ನು ತೆಗೆದ. ಆಟಿಕೆಯಂತೆ ಕಂಡರೂ ಆಟಿಕೆಯಲ್ಲ. ಹೆಬ್ಬೆರಳ ಗಾತ್ರದ ಸಿಲಿಂಡರು, ಅದಕ್ಕೊಂದು ಪಿಸ್ಟನ್ನು, ಕಾರ್ಬುರೇಟರು, ಹೊಗೆ ಕೊಳವೆ, ಎಲ್ಲ ನಿಜದ್ದೇ. ನೈಟ್ರೋ ಅನ್ನುವ ಘಾಟು ಎಣ್ಣೆ ಕುಡಿದು ಓಡುತ್ತದಂತೆ, ಕೈಯಲ್ಲಿ ಹಿಡಿದ ರಿಮೋಟು ಹೇಳಿದಂತೆ ಕೇಳುತ್ತದಂತೆ. ಬೇರಿಂಗು ಸಿಗದಿದ್ದರೂ ಹಳೆಯದನ್ನೇ ತೊಳೆದು ಹಾಕಿ, ಅಂಗಡಿಯ ಮುಂದೆ ದಾರ ಎಳೆದು ಸ್ಟಾರ್ಟ್ ಮಾಡಿ ತೋರಿಸಿದ. ಎಂಜಿನ್ನು ಕಿರ್ರೋ ಎಂದು ಕೂಗಿತು, ನೀಲಿ ಹೊಗೆ ಕೌಂಟರಿನವರೆಗೂ ಬಂತು. ಯಜಮಾನರು ಮೂಗು ಮುಚ್ಚಿಕೊಂಡು ಒಳಗೆ ಹೋದರು. ನಂಬರಣ್ಣ ಮಾತ್ರ ಆ ಹೊಗೆಯನ್ನು ಎದೆತುಂಬ ಎಳೆದುಕೊಂಡ. ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಅಂದಿನಿಂದ ಅವನು ಅವನಾಗಿ ಉಳಿಯಲಿಲ್ಲ. ಈ ಗಾಡಿ ಓಡಿಸಲು ಲೈಸೆನ್ಸು ಬೇಡ, ಡಾಕ್ಟರ ಚೀಟಿ ಬೇಡ, ಒಳಗೆ ಕೂರುವುದೂ ಬೇಡ. ಆದರೂ ಎಂಜಿನ್ನು ಎಂಜಿನ್ನೇ. ಬ್ಯಾಟರಿಯದ್ದು ಅಗ್ಗಕ್ಕೆ ಸಿಗುತ್ತದಲ್ಲ ಎಂದು ಯಾರೋ ಅಂದದ್ದಕ್ಕೆ, "ಬ್ಯಾಟರಿ ಹಾಕಿದ್ದು ಗಡಿಯಾರ, ಎಣ್ಣೆ ಕುಡಿಯೋದು ಗಾಡಿ" ಎಂದು ಸಿಡುಕಿದ. ಆ ವರ್ಷವೇ ಅವನು ಕೌಂಟರಿಗೆ ಬಂದು ಇಪ್ಪತ್ತೈದು ವರ್ಷ ತುಂಬಿತು. ಯಜಮಾನರು ಬೆನ್ನು ತಟ್ಟಿ ಒಂದು ಲಕೋಟೆ ಕೊಟ್ಟರು. ದೊಡ್ಡ ಮೊತ್ತವೇನಲ್ಲ, ಒಂದು ತಿಂಗಳ ಸಂಬಳಕ್ಕಿಂತ ಸ್ವಲ್ಪ ಕಡಿಮೆ. ಲಕೋಟೆಯನ್ನು ಹೆಂಡತಿಯ ಹೊಲಿಗೆ ಮಿಷನ್ನಿನ ಮೇಲಿಟ್ಟು, ತಲೆ ತಗ್ಗಿಸಿಕೊಂಡು ವಿಷಯ ಹೇಳಿದ. ನಲವತ್ತೈದರ ಗಂಡಸು ಆಟದ ಕಾರು ಕೇಳುವಾಗ ಮುಖ ಎಲ್ಲಿಟ್ಟುಕೊಳ್ಳುವುದು? ಅವಳು ಯಾರದೋ ಪ್ಯಾಂಟಿನ ತುದಿ ಮಡಚಿ ಹೊಲಿಯುತ್ತಿದ್ದಳು. ಹೊಲಿಗೆ ಮುಗಿಸಿ, ಹಲ್ಲಿನಿಂದ ದಾರ ಕಡಿದು, "ನಿಮ್ಮ ಬೆವರಿನ ದುಡ್ಡು. ಅಂಗಡಿ ಎಲ್ಲಿ ಅಂತ ಹೇಳಿ, ನಾನೂ ಬರ್ತೀನಿ" ಅಂದಳು.

ಅಂಗಡಿ ಮೂರನೇ ಮಹಡಿಯಲ್ಲಿತ್ತು. ನಡೆಸುತ್ತಿದ್ದವಳು ಅರವತ್ತು ದಾಟಿದ ಹೆಂಗಸು, ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು ಪುಟ್ಟ ಎಂಜಿನ್ನೊಂದರ ಹೊಟ್ಟೆ ಬಗೆದು ಕೂತಿದ್ದಳು. ಬಂದವರನ್ನು ತಲೆಯಿಂದ ಕಾಲಿನವರೆಗೆ ಅಳೆದಳು.

"ಎಷ್ಟಿದೆ ಕೈಯಲ್ಲಿ? ಸುಳ್ಳು ಹೇಳ್ಬೇಡಪ್ಪಾ, ಆಮೇಲೆ ನಿನಗೇ ಕಷ್ಟ."

ನಂಬರಣ್ಣ ಹೇಳಿದ. ಅವಳು ಕಿಟಕಿಯ ಬಳಿಯ ದೊಡ್ಡ ಚಕ್ರದ ಗಾಡಿಗಳ ಮೇಲೆ ಬಟ್ಟೆ ಎಳೆದುಬಿಟ್ಟಳು. "ಇವನ್ನ ನೋಡೋದೇ ಬೇಡ. ನೋಡಿದ್ರೆ ಹೊಟ್ಟೆ ಉರಿಯತ್ತೆ. ಇನ್ನೊಂದು ಮಾತು, ಗಾಡಿ ಬೆಲೆ ಅಂದ್ರೆ ಅದೊಂದೇ ಅಲ್ಲ. ಎಣ್ಣೆ, ಪ್ಲಗ್ ಕಾಯಿಸೋ ಸಾಮಾನು, ರಿಮೋಟಿನ ಸೆಲ್ಲು, ಏರ್ ಫಿಲ್ಟರ್ ಎಣ್ಣೆ, ಎಲ್ಲಕ್ಕೂ ಎತ್ತಿಡು. ಉಳಿದದ್ದರಲ್ಲಿ ಈ ಎರಡು ಬರತ್ತೆ."

ಒಂದು ಕೆಂಪು ಕಾರು. ರಸ್ತೆಯ ಮೇಲೆ ಹೋಗುವ ಕಾರುಗಳಂತೆಯೇ ಉದ್ದ ಮೂತಿ, ಹೊಸದು, ಡಬ್ಬಿಯಲ್ಲಿ ಮಲಗಿತ್ತು. ಕಿಟಕಿಯಿಂದ ಬಗ್ಗಿ ನೋಡಿದರೆ ಒಳಗೆ ಉಗುರಿನಷ್ಟು ಸ್ಟಿಯರಿಂಗು, ಪುಟ್ಟ ಸೀಟು. ಇನ್ನೊಂದು ಯಾರೋ ಓಡಿಸಿ ಬಿಟ್ಟ, 'ಬಗ್ಗಿ' ಅನ್ನುವ ಜಾತಿಯ ಹಳೆಯ ಗಾಡಿ. ಮೈಯೆಲ್ಲ ಗೀರು, ಒಂದು ಕಡೆ ಟೇಪು ಅಂಟಿಸಿದ ಮೇಲುಹೊದಿಕೆ, ಎಲುಬುಗೂಡಿನಂಥ ರೂಪ. ಅದರಲ್ಲಿ ಸೀಟೂ ಇಲ್ಲ, ಸ್ಟಿಯರಿಂಗೂ ಇಲ್ಲ.

ನಂಬರಣ್ಣನ ಕಣ್ಣು ಕೆಂಪಿನ ಮೇಲಿಂದ ಕದಲಲಿಲ್ಲ. ಆ ಪುಟ್ಟ ಸೀಟಿನಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಕೂತಿರುವುದು ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಆದರೂ ಕಸುಬಿನ ಬುದ್ಧಿ ಎಲ್ಲಿ ಹೋಗುತ್ತದೆ? ಬಿಡಿಭಾಗ ಸಿಗುತ್ತದೋ ಇಲ್ಲವೋ ಪರೀಕ್ಷಿಸಲು, ಗಾಡಿಯ ಬೆಲೆ ಕೇಳುವ ಬದಲು ಗಿರಾಕಿಯಂತೆ ಕೌಂಟರಿಗೆ ಮೊಣಕೈ ಊರಿ, "ಇದರ ಕ್ಲಚ್ ಬೆಲ್ ಒಂದು ಕೊಡಿ" ಅಂದ.

"ಕೆಂಪಿಗಾ? ತರಿಸ್ಬೇಕು. ಆರು ವಾರ."

"ಮುಂದಿನ ಆರ್ಮು?"

"ಅದೂ ತರಿಸ್ಬೇಕು."

"ಹಳೇದಕ್ಕೆ?"

ಅಂಗಡಿಯಾಕೆ ಎದ್ದು ಹೋಗಿ ಎರಡನ್ನೂ ತಂದು ಮುಂದಿಟ್ಟಳು. ತರಿಸಬೇಕು, ಆರು ವಾರ ಅನ್ನುವ ಮಾತನ್ನು ಇಪ್ಪತ್ತೈದು ವರ್ಷದಿಂದ ನಂಬರಣ್ಣನೇ ಎಷ್ಟು ಜನರಿಗೆ ಹೇಳಿಲ್ಲ! ಚಂದ ನೋಡಿ ಗಾಡಿ ಕೊಂಡು, ಒಂದು ತುಂಡಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವವರನ್ನು ಕಂಡು ಒಳಗೊಳಗೇ ನಕ್ಕವನು ಅವನು. ಈಗ ಅವನೇ ಆ ಸಾಲಿನಲ್ಲಿ ನಿಂತಿದ್ದ. ಗೊತ್ತಿದ್ದೂ ಗೊತ್ತಿದ್ದೂ ಬಾಯಿ ಬಿಟ್ಟು, "ಕೆಂಪೇ ಇರಲಿ" ಅಂದುಬಿಟ್ಟ.

ಅಂಗಡಿಯಾಕೆ ಡಬ್ಬಿ ಮುಚ್ಚಲು ಹೊರಟಳು. ಆಗ ಅವನ ಬಾಯಿಂದ ಇನ್ನೊಂದು ಪ್ರಶ್ನೆ ಬಂತು. ಅದು ಎಲ್ಲಿತ್ತೋ, ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ.

"ಅಮ್ಮಾ, ಓಡಿಸ್ತಾ ಇರೋನು ಬಿದ್ದುಬಿಟ್ರೆ ಗಾಡಿ ಏನಾಗತ್ತೆ?"

"ಬೀಳೋದು ಅಂದ್ರೆ?"

"ಅಂದ್ರೆ, ನನಗೆ ಫಿಟ್ಸ್ ಬರತ್ತೆ. ಬೆರಳು ಹಾಗೇ ಬಿಗಿದುಕೊಂಡುಬಿಟ್ರೆ?"

ಅವಳು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟಳು. ದನಿ ಮೆತ್ತಗಾಯಿತು. "ಬೆರಳು ಬಿಗಿದ್ರೆ ಯಾವ ಗಾಡಿಯಾದ್ರೂ ಓಡ್ತಾನೇ ಇರತ್ತೆ ಕಣಪ್ಪಾ. ಅದಕ್ಕೇನು ಗೊತ್ತು ನಿನ್ನ ಕಷ್ಟ?"

ಇಷ್ಟು ಹೊತ್ತು ಮೂಲೆಯ ಸ್ಟೂಲಿನಲ್ಲಿ ಕೂತು, ಹಳೆಯ ಕ್ಯಾಟಲಾಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಹೆಂಡತಿ ಆಗ ಬಾಯಿ ತೆರೆದಳು. "ಆ ರಿಮೋಟಿಗೆ ಸ್ವಿಚ್ ಇದ್ಯಲ್ಲ, ಅದನ್ನ ನಾನು ಆಫ್ ಮಾಡಿದ್ರೆ?"

ಅಂಗಡಿಯಾಕೆ ಹೆಂಡತಿಯ ಕಡೆ ಪೂರ್ತಿ ತಿರುಗಿದಳು. "ಒಳ್ಳೇ ಮಾತು ಕೇಳ್ದೆ ಕಣಮ್ಮಾ. ಈ ಕೆಂಪಿದ್ಯಲ್ಲ, ರಿಮೋಟ್ ಆಫ್ ಆದ್ರೂ ಕೊನೇಲಿ ಹೇಳಿದ್ದನ್ನೇ ಮಾಡ್ತಾ ಹೋಗತ್ತೆ. ಏನಕ್ಕಾದ್ರೂ ಗುದ್ದೋವರೆಗೂ. ಹಳೇದರಲ್ಲಿ ಫೇಲ್‌ಸೇಫ್ ಇದೆ. ರಿಮೋಟಿಂದ ಸಂಪರ್ಕ ತಪ್ಪಿದ ತಕ್ಷಣ ಅದೇ ಬ್ರೇಕ್ ಹಾಕಿ ನಿಲ್ಲತ್ತೆ, ಎಂಜಿನ್ ಸುಮ್ನೆ ನಿಧಾನಕ್ಕೆ ಓಡ್ತಿರತ್ತೆ. ಕೆಂಪಿಗೂ ಬೇರೆ ತಗೊಂಡು ಹಾಕ್ಬಹುದು. ಆದ್ರೆ ನಿಮ್ಮ ದುಡ್ಡಲ್ಲಿ ಆಗ ಎಣ್ಣೆಗೆ ಉಳಿಯಲ್ಲ."

ಗುದ್ದೋವರೆಗೂ. ನಂಬರಣ್ಣನಿಗೆ ಕೈಚೀಲ ಅವುಚಿಕೊಂಡ ಹೆಂಗಸು ಕಣ್ಣಿಗೆ ಕಟ್ಟಿದಳು. ಅವನು ಕೆಂಪು ಕಾರಿನ ಕಿಟಕಿಯೊಳಗೆ ಇನ್ನೊಂದು ಸಲ ಬಗ್ಗಿ ನೋಡಿದ. ಅಷ್ಟು ಆಸೆ ಅವನು ಬದುಕಿನಲ್ಲಿ ಇನ್ನಾವುದಕ್ಕೂ ಪಟ್ಟಿರಲಿಲ್ಲ. ಆಮೇಲೆ ಡಬ್ಬಿಯನ್ನು ತಾನೇ ಮುಚ್ಚಿ ಆಚೆ ಸರಿಸಿ, "ಹಳೇದೇ ಕಟ್ಟಿಕೊಡಿ" ಅಂದ. ಮೆಟ್ಟಿಲಿಳಿಯುವಾಗ ಗಾಡಿ ಅವನ ಕಂಕುಳಲ್ಲಿತ್ತು, ಎಣ್ಣೆಯ ಕ್ಯಾನು ಹೆಂಡತಿಯ ಕೈಯಲ್ಲಿ.

ತಂದ ದಿನವೇ ಓಡಿಸುವಂತಿರಲಿಲ್ಲ. ಹಳೆಯ ಗಾಡಿಯಾದರೂ ಅಂಗಡಿಯಾಕೆ ಪಿಸ್ಟನ್ನು, ಸಿಲಿಂಡರಿನ ಒಳಕವಚ ಹೊಸದು ಹಾಕಿದ್ದಳು. ಹೊಸ ಪಿಸ್ಟನ್ನಿಗೆ ಮೊದಲು ಐದಾರು ಟ್ಯಾಂಕು ಎಣ್ಣೆ ಕುಡಿಸಿ ನಿಧಾನವಾಗಿ ಪಳಗಿಸಬೇಕು, ಆತುರಪಟ್ಟರೆ ಎಂಜಿನ್ನು ಕೆಟ್ಟಂತೆ ಎಂದಿದ್ದಳು. ತಾನು ಕೆಲಸ ಮಾಡುವ ಅಂಗಡಿಯ ಹಿಂದಿನ ಗೋದಾಮಿನ ಅಂಗಳ ಭಾನುವಾರ ಖಾಲಿ ಇರುತ್ತಿತ್ತು. ಯಜಮಾನರ ಅಪ್ಪಣೆ ಪಡೆದು, ಗಾಡಿಯ ಚಕ್ರ ಗಾಳಿಯಲ್ಲಿರುವಂತೆ ರಟ್ಟಿನ ಡಬ್ಬಿಯ ಮೇಲೆ ಕೂರಿಸಿ, ಮೂರು ಭಾನುವಾರ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಒಂದು ಟ್ಯಾಂಕು ಮುಗಿದರೆ ತಣ್ಣಗಾಗಲು ಬಿಡುವುದು, ಕಾರ್ಬುರೇಟರಿನ ತಿರುಪು ಕೂದಲೆಳೆಯಷ್ಟು ತಿರುಗಿಸುವುದು, ಹೊಗೆಯ ಬಣ್ಣ ನೋಡುವುದು, ಮತ್ತೆ ತುಂಬುವುದು. ಹೆಂಡತಿ ಹೊಲಿಗೆ ಬಟ್ಟೆ ತಂದು ಗೋಡೆಯ ನೆರಳಿನಲ್ಲಿ ಕೂರುತ್ತಿದ್ದಳು. "ಮಗಳ ಮದುವೆ ಮಾಡಿದಾಗ್ಲೂ ಇಷ್ಟು ತಾಳ್ಮೆ ತೋರಿಸ್ಲಿಲ್ಲ ನೀವು" ಎಂದು ಅಲ್ಲಿಂದಲೇ ಕೆಣಕುತ್ತಿದ್ದಳು. ಅವನು ತಲೆ ಎತ್ತುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಕಾದವನಿಗೆ ಮೂರು ಭಾನುವಾರ ಯಾವ ಲೆಕ್ಕ ಎಂದು ನಾವು ಅಂದುಕೊಳ್ಳಬಹುದು. ನಿಜ ಹೇಳಬೇಕೆಂದರೆ ಆ ಮೂರು ವಾರ ಅವನಿಗೆ ಊಟ ಸೇರುತ್ತಿರಲಿಲ್ಲ.

ನಾಲ್ಕನೆಯ ಭಾನುವಾರ ಬೆಳಿಗ್ಗೆ ಗಾಡಿಯನ್ನು ಡಬ್ಬಿಯಿಂದ ನೆಲಕ್ಕಿಳಿಸಿದ. ಅಂಗಳದಲ್ಲಿ ಇವರಿಬ್ಬರು ಬಿಟ್ಟರೆ ಯಾರೂ ಇರಲಿಲ್ಲ. ಗಾಡಿ ತಿರುಗಿಸಲು ಪಕ್ಕದಲ್ಲೊಂದು ಪುಟ್ಟ ಚಕ್ರವಿದ್ದ ಪಿಸ್ತೂಲಿನಂಥ ರಿಮೋಟನ್ನು ಅವನು ಹಿಡಿದ. ಅವಳು ಅವನ ಎಡಕ್ಕೆ, ಮೈಗೆ ಮೈ ತಾಗುವಷ್ಟು ಹತ್ತಿರ ಬಂದು, ರಿಮೋಟಿನ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಇಬ್ಬರೂ ಒಂದೇ ಸ್ಟಿಯರಿಂಗ್ ಹಿಡಿದವರ ಹಾಗೆ ಕಾಣುತ್ತಿದ್ದರು.

ದಾರ ಎಳೆದಾಗ ಎರಡನೆಯ ಎಳೆತಕ್ಕೇ ಎಂಜಿನ್ನು ಹತ್ತಿತು. ಅವನು ಟ್ರಿಗರಿನ ಮೇಲಿಟ್ಟ ಬೆರಳನ್ನು ತುಸುವೇ ಎಳೆದ. ಗಾಡಿ ಮುಗ್ಗರಿಸಿ ಮುಂದೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಅಂಗಳದ ಉದ್ದಕ್ಕೆ ಒಂದು ಸಲ, ಹುಷಾರಾಗಿ. ಎರಡನೆಯ ಸುತ್ತಿಗೆ ಬೆರಳು ಇನ್ನಷ್ಟು ಎಳೆದ. ಗಾಡಿಯೊಳಗೆ ಗೇರು ತಾನಾಗಿ ಬಿತ್ತು, ಕೂಗು ಒಂದು ಗಳಿಗೆ ಇಳಿದು ಮತ್ತೆ ಏರಿತು. ಎರಡರಿಂದ ಮುಂದಿನ ಗೇರಿಗೆ ಹಾಕಿದಾಗ ಮಾವನ ವ್ಯಾನು ಹೀಗೇ ದನಿ ಬದಲಿಸಿತ್ತು. ಅಂದು ಅದಾದ ಮೇಲೆ ಏನಾಯಿತೆಂದು ಅವನಿಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಾಯಿತು. ಅದಾದ ಮೇಲೆ ರಸ್ತೆ ಇರುತ್ತದೆ, ತಿರುವು ಬರುತ್ತದೆ, ತಿರುಗಿಸಿದರೆ ಗಾಡಿ ತಿರುಗುತ್ತದೆ. ಗೋಡೆ ಬಂತು, ತಿರುಗಿಸಿದ, ಗೋಡೆ ಹಿಂದೆ ಉಳಿಯಿತು. ಮತ್ತೊಂದು ಸುತ್ತು. ಮತ್ತೊಂದು.

"ರೀ" ಎಂದು ಹೆಂಡತಿ ಕರೆದಳು. "ರೀ, ಕೇಳಿಸ್ತಾ?"

ಕೇಳಿಸಲಿಲ್ಲ.

ಗಾಡಿ ಅಂಗಳದ ನಟ್ಟನಡುವೆ ಗಕ್ಕನೆ ಬ್ರೇಕು ಹಾಕಿ ನಿಂತಿತು. ಅವನು ಎರಡು ಸಲ ಬೆರಳು ಎಳೆದ, ಅದು ಕದಲಲಿಲ್ಲ. ಬೆಪ್ಪಾಗಿ ಕೈ ನೋಡಿಕೊಂಡ. ಅಷ್ಟರಲ್ಲಿ ಹೆಂಡತಿ ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಕೂರಿಸಲು ಎಳೆಯುತ್ತಿದ್ದಳು.

"ಯಾಕೆ ಆಫ್ ಮಾಡ್ದೆ?"

ಅವಳು ಹಿಡಿತ ಸಡಿಲಿಸದೆ ಅವನ ಮುಖವನ್ನೇ ನೋಡಿದಳು. "ಬಂತು ಅಂದ್ಕೊಂಡೆ. ಎರಡು ಸಲ ಕರೆದೆ. ನಿಮ್ಮ ಕಣ್ಣು ನಿಂತುಬಿಟ್ಟಿತ್ತು, ಬಾಯಿ ತೆರೆದಿತ್ತು."

"ಏನೂ ಬಂದಿಲ್ಲ ಕಣೇ" ಅಂದ. "ಖುಷಿಯಾಗಿತ್ತು, ಅಷ್ಟೆ."

"ನಂಗೇನು ಗೊತ್ತು? ಇಪ್ಪತ್ತೆರಡು ವರ್ಷದಲ್ಲಿ ಖುಷಿಯಾದ್ರೆ ಹೀಗಿರ್ತೀರ ಅಂತ ಒಂದು ಸಲನಾದ್ರೂ ತೋರ್ಸಿದ್ರೆ ತಾನೆ ಗೊತ್ತಾಗೋದು?"

ಬೈಯಲೆಂದೇ ಶುರು ಮಾಡಿದ್ದಳು. ಅರ್ಧದಲ್ಲಿ ದನಿ ಒಡೆಯಿತು. ಮದುವೆಯ ದಿನ, ಮಗಳು ಹುಟ್ಟಿದ ದಿನ ತನ್ನ ಮುಖ ಹೇಗಿತ್ತೆಂದು ಅವನು ನೆನಪು ಮಾಡಿಕೊಳ್ಳಲು ನೋಡಿದ. ಅಂದೆಲ್ಲ ಎಲ್ಲಿ ಬಿದ್ದುಬಿಡುತ್ತೇನೋ ಎಂಬ ಭಯವೊಂದೇ ನೆನಪಿಗೆ ಬಂತು. ಅಂಗಳದ ನಡುವೆ ಗಾಡಿ ಟುರ್ ಟುರ್ ಎನ್ನುತ್ತ ಕಾಯುತ್ತಿತ್ತು. ಟ್ಯಾಂಕಿನಲ್ಲಿ ಇನ್ನೂ ಅರ್ಧ ಎಣ್ಣೆಯಿತ್ತು.

ಅವಳು ತೋಳಿನಿಂದ ಕಣ್ಣೊರೆಸಿಕೊಂಡು, ಸ್ವಿಚ್ಚನ್ನು ಮತ್ತೆ ಮೇಲಕ್ಕೆ ತಳ್ಳಿದಳು.

"ಓಡ್ಸಿ" ಅಂದಳು. "ನಾನು ಗಾಡಿ ನೋಡಲ್ಲ, ನಿಮ್ಮ ಮುಖಾನೇ ನೋಡ್ತಿರ್ತೀನಿ. ಇನ್ಮೇಲೆ ಗುರುತು ಸಿಗ್ಬೇಕಲ್ಲ."

ಅವನು ಬೆರಳು ಎಳೆದ.