ನಲವತ್ತು ಪೆಟ್ಟಿಗೆಗಳ ಲಾಭ

ನಾನು ಸುಳ್ಳು ಲೆಕ್ಕ ಬರೆದದ್ದು ಒಂದೇ ಒಂದು ವರ್ಷ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನನ್ನ ಜಂಭ ಕೇಳುವಿರಂತೆ.

ಅರವತ್ತರ ದಶಕದ ನಡುವಿನ ಮಾತು. ತಿಲಕ್ ನಗರದ ಅಂಚಿನಲ್ಲಿದ್ದ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ನಾನು ಗುಮಾಸ್ತೆ. ಕಾರ್ಖಾನೆ ಎಂದರೆ ಹೆಂಚಿನ ಎರಡು ಕೊಠಡಿ, ಒಂದು ಅಂಗಳ, ಬತ್ತಿ ಹೊಸೆಯುವ ಹದಿನೆಂಟು ಹೆಂಗಸರು. ಕುರ್ಚಿ ಮೇಲೆ ಕೂತ ಹೆಂಗಸು ನಾನೊಬ್ಬಳೇ. ನಮ್ಮ ಮನೆಗೆ ಸಂಬಳ ತಂದ ಮೊದಲ ಹೆಣ್ಣೂ ನಾನೇ. ಆದ್ದರಿಂದ ಕೆಲಸ ಹೋದೀತೆಂಬ ಭಯ ಬೆನ್ನಿಗೇ ಇರುತ್ತಿತ್ತು.

ಮಾರ್ಚ್ ತಿಂಗಳ ಕೊನೆಯ ದಿನ ಉಳಿದ ಮಾಲು ಎಣಿಸುವುದು ನಮ್ಮಲ್ಲಿ ಪದ್ಧತಿ. ಹೆಂಗಸರಲ್ಲೆಲ್ಲ ಹಿರಿಯಳು ಒಬ್ಬಳಿದ್ದಳು, ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಅವಳು ಒಂದೊಂದೇ ಪೆಟ್ಟಿಗೆ ಮುಟ್ಟಿ ಗಟ್ಟಿಯಾಗಿ ಎಣಿಸುವಳು, ನಾನು ಬರೆದುಕೊಳ್ಳುವೆ. ಆ ವರ್ಷ ನೂರಿಪ್ಪತ್ತು ಪೆಟ್ಟಿಗೆ ಉಳಿದಿದ್ದವು. ಕಾರ್ಖಾನೆಯ ಯಜಮಾನರು ನನ್ನನ್ನು ಒಳಗೆ ಕರೆದರು.

"ಎಂಬತ್ತು ಅಂತ ಬರೀಮ್ಮ."

"ಇನ್ನು ನಲವತ್ತು, ಸಾರ್?"

"ಅವು ಎಲ್ಲೂ ಹೋಗಲ್ಲ. ಮುಂದಿನ ವರ್ಷ ಬರುತ್ವೆ."

ಉಪಾಯ ಸರಳವಾಗಿತ್ತು. ಉಳಿದ ಮಾಲನ್ನು ಕಡಿಮೆ ತೋರಿಸಿದರೆ, ಅದಕ್ಕೆ ಹಾಕಿದ ಕಡ್ಡಿ, ಇದ್ದಿಲು, ಸುಗಂಧ, ಕೂಲಿಯ ಖರ್ಚೆಲ್ಲ ಈ ವರ್ಷದ ತಲೆಗೇ ಬೀಳುತ್ತದೆ. ಲಾಭ ಕರಗುತ್ತದೆ. ದೀಪಾವಳಿಯ ಬೋನಸ್ಸು ಲಾಭ ನೋಡಿ ಕೊಡುವುದು. ನಾನು ಎಂಬತ್ತು ಎಂದೇ ಬರೆದೆ. ಜಟಕಾದಲ್ಲಿ ಆ ನಲವತ್ತು ಪೆಟ್ಟಿಗೆ ತ್ಯಾಗರಾಜನಗರದ ಅವರ ಭಾವಮೈದುನನ ಮನೆಗೆ ಹೋದವು.

ಯಜಮಾನರು ಮರೆತದ್ದು ಒಂದನ್ನೇ. ದಿನವಿಡೀ ಆ ಪರಿಮಳದಲ್ಲೇ ಇರುವ ನಮ್ಮ ಮೂಗಿಗೆ ಅದು ತಿಳಿಯುವುದೇ ಇಲ್ಲ. ಬೀದಿಯವರಿಗೆ ತಿಳಿಯುತ್ತದೆ. ಆ ಭಾವಮೈದುನನ ಬೀದಿಯಲ್ಲೇ ಇದ್ದ ಅಕ್ಕನ ತಂಗಿ, ಪಕ್ಕದ ಮನೆಯಿಂದ ಹಗಲೂ ರಾತ್ರಿ ಊದುಬತ್ತಿಯ ಘಮ ಬರುತ್ತದೆ, ಆದರೆ ಹೊಗೆಯೇ ಕಾಣುವುದಿಲ್ಲ ಎಂದು ಹೇಳಿದ್ದಳಂತೆ. ದೀಪಾವಳಿಗೆ ಕೈಗೆ ಬಂದ ಚಿಲ್ಲರೆ ಬೋನಸ್ಸು ಹಿಡಿದು ಅಕ್ಕ ನನ್ನ ಮೇಜಿನ ಮುಂದೆ ನಿಂತಳು.

"ನಾನು ಎಣಿಸಿದ್ದು ನೂರಿಪ್ಪತ್ತು. ನೀನು ಎಷ್ಟು ಬರೆದೆಯಮ್ಮ?"

ನಾನು ಲೆಕ್ಕದ ಪುಸ್ತಕ ಮುಚ್ಚಿದೆ. ಅವಳು ಜಗಳವಾಡಲಿಲ್ಲ, ಹೋಗಿ ತನ್ನ ಮಣೆಯ ಮೇಲೆ ಕೂತಳು. ಅಂಥ ಅವಮಾನ ನನಗೆ ಬೇರೆ ಯಾವತ್ತೂ ಆಗಿಲ್ಲ.

ಮರುವರ್ಷ ಯಜಮಾನರಿಗೆ ಕಾರ್ಖಾನೆ ದೊಡ್ಡದು ಮಾಡುವ ಆಸೆ ಹತ್ತಿತು. ಬ್ಯಾಂಕಿನ ಸಾಲ ಬೇಕು, ಸಾಲಕ್ಕೆ ಒಳ್ಳೇ ಲಾಭ ಬೇಕು. ಮಾರ್ಚ್ ಎಣಿಕೆಗೆ ಆ ನಲವತ್ತು ಪೆಟ್ಟಿಗೆಗಳು ಜಟಕಾ ಹತ್ತಿ ವಾಪಸ್ ಬಂದವು. ಅವುಗಳ ಖರ್ಚು ಹೋದ ವರ್ಷವೇ ಬಿದ್ದಿತ್ತಲ್ಲ, ಈಗ ಅವುಗಳ ಬೆಲೆಯೆಲ್ಲ ಬರಿ ಲಾಭ. ವ್ಯಾಪಾರ ಒಂದು ಬತ್ತಿಯಷ್ಟೂ ಹೆಚ್ಚಿರಲಿಲ್ಲ, ಲಾಭ ಮಾತ್ರ ಉಬ್ಬಿ ನಿಂತಿತು.

"ಹಾಗಾದ್ರೆ ಈ ಸಲ ಬೋನಸ್ಸು ಜಾಸ್ತಿ ಅಲ್ವಾ ಸಾರ್?" ಎಂದೆ.

"ಇದು ಬ್ಯಾಂಕಿಗೆ. ಹೆಂಗಸರಿಗೆ ಇನ್ನೊಂದು ಪಟ್ಟಿ ಬರಿ."

ನನಗೆ ಮೈಯೆಲ್ಲ ಉರಿಯಿತು. ಒಂದೇ ಮಾಲು, ಬಡವರ ಮುಂದೆ ಮಾಯ, ಬ್ಯಾಂಕಿನ ಮುಂದೆ ಹಾಜರು! ನಾನು ಅಂಗಳಕ್ಕೆ ಹೋಗಿ ಎಣಿಕೆಯ ಪಟ್ಟಿಯನ್ನು ಎರಡು ಪ್ರತಿ ಮಾಡಿದೆ, ಎರಡರಲ್ಲೂ ಒಂದೇ ಲೆಕ್ಕ. ಎಣಿಸಿದವರು ಸಾಕ್ಷಿ ಹಾಕಬೇಕು ಎಂದೆ. ಅಕ್ಕ ಇದ್ದಿಲು ಮೆತ್ತಿದ ಹೆಬ್ಬೆಟ್ಟನ್ನು ಹಾಗೇ ಒತ್ತಿದಳು, ಶಾಯಿ ಕೇಳಲಿಲ್ಲ. ಉಳಿದ ಹದಿನೇಳು ಜನರೂ ಒತ್ತಿದರು. ಒಂದು ಪ್ರತಿ ಯಜಮಾನರಿಗೆ, ಒಂದು ಅಕ್ಕನ ಸೆರಗಿನ ಗಂಟಿಗೆ.

ಅವರು ಕೂಗಾಡಿದರು, ಆದರೆ ಹರಿಯಲಿಲ್ಲ. ಹರಿದು ಕಡಿಮೆ ಬರೆಸಿದರೆ ಸಾಲ ಇಲ್ಲ. ಹಾಗೇ ಬ್ಯಾಂಕಿಗೆ ಕೊಟ್ಟರೆ ಹೆಂಗಸರ ಹತ್ತಿರ ಅದೇ ಪಟ್ಟಿ ಇದೆ, ಅವರಿಗೆ ಲಾಭ ಕಡಿಮೆ ತೋರಿಸುವಂತಿಲ್ಲ. ಸಾಲ ಸಿಕ್ಕಿತು. ದೀಪಾವಳಿಗೆ ಹದಿನೆಂಟು ಜನಕ್ಕೂ ತುಂಬು ಬೋನಸ್ಸು ಸಿಕ್ಕಿತು. ಹಬ್ಬ ಮುಗಿದ ವಾರವೇ ನನ್ನನ್ನು ಕೆಲಸದಿಂದ ತೆಗೆದರು.

ಮನೆಗೆ ಹೋಗಿ ನಾನು ಅತ್ತದ್ದೂ ನಿಜ. ಆಮೇಲೆ ಜಯನಗರದ ಒಂದು ಅಂಗಡಿಯಲ್ಲಿ ಕೆಲಸ ಕೇಳಿದೆ.

"ಹಳೇ ಕೆಲಸ ಯಾಕೆ ಬಿಟ್ರಿ?"

"ನಾನು ಬಿಡ್ಲಿಲ್ಲ ಸಾರ್, ಅವರೇ ತೆಗೆದ್ರು. ಎಣಿಸಿದಷ್ಟೇ ಬರೆದೆ, ಅದಕ್ಕೆ."

ಅಲ್ಲಿ ಕೆಲಸ ಸಿಗಲಿಲ್ಲ. ಎರಡನೆಯ ಕಡೆಯೂ ಸಿಗಲಿಲ್ಲ. ಮೂರನೆಯ ಕಡೆ ಸಿಕ್ಕಿತು. ಮೂರೂ ಕಡೆ ನಾನು ಹೇಳಿದ್ದು ಅದೇ ಮಾತು.